ಮಾರ್ಚ್‌ನಲ್ಲಿ ಬಾಲಿಗೆ ಹೊರಟಿದ್ದರೆ ಮೊದಲು ಯುಗಾದಿ ನೋಡಿ

ಟಿಕೆಟ್ ಬುಕ್ ಮಾಡುವ ಮೊದಲು ಕ್ಯಾಲೆಂಡರಿನಲ್ಲಿ ಯುಗಾದಿ ಯಾವತ್ತು ಅಂತ ನೋಡಿ, ಅದರ ಹಿಂದುಮುಂದಿನ ಒಂದೊಂದು ದಿನವೂ ಸೇರಿ ವಿಮಾನ ಇಟ್ಟುಕೊಳ್ಳಬೇಡಿ. ಬಾಲಿಯ ಹಿಂದೂಗಳದ್ದೂ ಶಕ ವರ್ಷವೇ. ಅವರ ಹೊಸ ವರ್ಷ ‘ನ್ಯೆಪಿ’ ಕೂಡ ಅಮಾವಾಸ್ಯೆ ಕಳೆದ ಕೂಡಲೇ ಬರುತ್ತದೆ: 2023ರಲ್ಲಿ ಎರಡೂ ಮಾರ್ಚ್ 22ಕ್ಕೇ, 2025ರಲ್ಲಿ ನ್ಯೆಪಿ 29ಕ್ಕೆ, ಯುಗಾದಿ 30ಕ್ಕೆ. ನ್ಯೆಪಿ ಎಂದರೆ ಇಡೀ ದ್ವೀಪವೇ ಮೌನವಾಗಿರುವ ದಿನ, ಹಾಗಾಗಿ ಅವತ್ತು ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಬಾಲಿಯ ಡೆನ್‌ಪಸಾರ್ ವಿಮಾನ ನಿಲ್ದಾಣವೇ ಬಂದ್. ಮಧ್ಯರಾತ್ರಿ ದಾಟಿದ ಮೇಲೆ ಹೊರಡುವ ವಿಮಾನವೂ ಇಲ್ಲ, ಜಾವಾಕ್ಕೆ ಹೋಗುವ ಗಿಲಿಮನುಕ್ ಫೆರಿಯೂ ಇಲ್ಲ. ಮೊಬೈಲ್ ಡೇಟಾ ಕೂಡ ನಿಲ್ಲಿಸುತ್ತಾರೆ. ಪ್ರವಾಸಿಗರೂ ಹೋಟೆಲ್ ಗೇಟು ದಾಟುವಂತಿಲ್ಲ, ರಾತ್ರಿ ಕೋಣೆಯ ಬೆಳಕು ಹೊರಗೆ ಕಾಣದಂತೆ ಪರದೆ ಎಳೆದಿರಬೇಕು. ಅಲ್ಲೇ ಇರುವವರು ಹಿಂದಿನ ದಿನ ಮಧ್ಯಾಹ್ನದೊಳಗೆ ಹೋಟೆಲ್ ಸೇರಿ, ನೀರು, ಹಣ್ಣು, ನಗದು ತಂದಿಟ್ಟುಕೊಳ್ಳಿ. ಸಂಜೆ ‘ಓಗೊ-ಓಗೊ’ ಭೂತದ ಪ್ರತಿಮೆಗಳ ಮೆರವಣಿಗೆಗೆ ರಸ್ತೆ ಮುಚ್ಚುತ್ತಾರೆ (ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ). ಯುಗಾದಿ ನೋಡಿ ನ್ಯೆಪಿ ಹಿಡಿಯುವ ಈ ಲೆಕ್ಕ ಕೈಕೊಡುವುದು ಅಧಿಕ ಮಾಸದಿಂದ. ಅವರ ಅಧಿಕ ಮಾಸ ನಮ್ಮದರ ಜೊತೆಗೇ ಬರಬೇಕೆಂದಿಲ್ಲ. 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೇ ಮುಗಿದಿತ್ತು, ನಮ್ಮ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಯುಗಾದಿ ಏಪ್ರಿಲ್‌ನಲ್ಲಿ ಬಿದ್ದ ವರ್ಷ ಹಿಂದಿನ ಅಮಾವಾಸ್ಯೆಯ ಆಸುಪಾಸನ್ನೂ ಇಂಡೋನೇಷ್ಯಾ ಸರ್ಕಾರದ ರಜೆ ಪಟ್ಟಿಯಲ್ಲಿ ನೋಡಿಕೊಳ್ಳಿ.