ಬೆಂಗಾಜಿಗೆ ವಿಮಾನ, ಮನಾಮಕ್ಕೆ ಮೌನ: ಹೊರಗಿನವರ ನೆರವನ್ನು ಪರೀಕ್ಷಿಸುವ ಬಗೆ

2011ರ ಮಾರ್ಚಿನಲ್ಲಿ ನಾನು ಬಹರೈನಿನ ಮನಾಮದಲ್ಲಿ ಒಂದು ಕೋಲ್ಡ್ ಸ್ಟೋರಿನ ಲೆಕ್ಕ ಬರೆಯುತ್ತಿದ್ದೆ. ಬೀದಿಯ ದಿನಸಿ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಅಂಗಡಿಯ ಟಿವಿಯಲ್ಲಿ ದಿನವಿಡೀ ಲಿಬಿಯಾದಲ್ಲಿ ಗಡಾಫಿಯ ಆಳ್ವಿಕೆಯ ವಿರುದ್ಧ ಎದ್ದ ದಂಗೆಯ ಸುದ್ದಿ. ಹೊರಗೆ ನಮ್ಮ ಊರಲ್ಲೇ ಜನ ಬೀದಿಗಿಳಿದಿದ್ದರು, ಅವರ ಮಾತು ಎತ್ತುವವರು ಕಡಿಮೆ. ಯಾವ ದೇಶದ ದಂಗೆಗೆ ಯಾರು ಬೆಂಬಲ ಕೊಟ್ಟರೂ ಕೆಲವು ಪ್ರಶ್ನೆ ಕೇಳುವ ಅಭ್ಯಾಸ ನನಗೆ ಶುರುವಾದದ್ದು ಅಲ್ಲಿಂದ.

ಮೊದಲು ಜನರ ಸಿಟ್ಟನ್ನೂ ಹೊರಗಿನವರ ಕೈಯನ್ನೂ ಬೇರೆ ಬೇರೆ ಇಡಿ. ಲಿಬಿಯಾದ ಬೆಂಗಾಜಿ ನಗರದಲ್ಲಿ ಮೊದಲು ಬೀದಿಗೆ ಬಂದವರಲ್ಲಿ 1996ರಲ್ಲಿ ಗಡಾಫಿ ಸರ್ಕಾರದ ಅಬು ಸಲೀಂ ಜೈಲಿನಲ್ಲಿ ಕೊಲ್ಲಲ್ಪಟ್ಟ ಕೈದಿಗಳ ಮನೆಯವರಿದ್ದರು. ಅವರನ್ನು ‘ವಿದೇಶಿ ಏಜೆಂಟರು’ ಎಂದರೆ ಸತ್ತವರಿಗೆ ಮಾಡುವ ಅನ್ಯಾಯ. ಪ್ರಶ್ನೆ ಏನಿದ್ದರೂ ವಿಮಾನ ಕಳಿಸಿದವರಿಗೆ.

ಆಮೇಲೆ ಕ್ಯಾಲೆಂಡರ್ ತೆಗೆಯಿರಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ. ಮಾರ್ಚ್ 14ರಂದು ಸೌದಿ ಸೇನೆ ಕಿಂಗ್ ಫಹದ್ ಸೇತುವೆ ದಾಟಿ ಬಹರೈನಿಗೆ ಬಂತು, ಅರಸರ ಪರವಾಗಿ. 17ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು 1973 ಎಂಬ ಸಂಖ್ಯೆಯ ನಿರ್ಣಯ ಮಾಡಿತು. 18ಕ್ಕೆ ಮನಾಮದಲ್ಲಿ ಪ್ರತಿಭಟನೆಯ ಗುರುತಾಗಿದ್ದ ಪರ್ಲ್ ವೃತ್ತದ ಸ್ತಂಭವನ್ನು ಕೆಡವಿದರು. 19ಕ್ಕೆ ಲಿಬಿಯಾದ ಮೇಲೆ ಫ್ರಾನ್ಸ್, ಬ್ರಿಟನ್, ಅಮೆರಿಕದ ಬಾಂಬ್ ದಾಳಿ ಶುರು. ಬಹರೈನಿಗೆ ಪೊಲೀಸರನ್ನು ಕಳಿಸಿದ ಅರಬ್ ಎಮಿರೇಟ್ಸೇ ಲಿಬಿಯಾಕ್ಕೆ ಯುದ್ಧವಿಮಾನ ಕಳಿಸಿತು. ಅಮೆರಿಕದ ಐದನೇ ನೌಕಾಪಡೆಯ ನೆಲೆ ಇರುವುದು ನಮ್ಮ ಮನಾಮದ ಜುಫೇರಿನಲ್ಲಿ. ಒಂದು ಕಡೆ ಮರುಗಿದವರು ಅದೇ ವಾರ ಇನ್ನೊಂದು ಕಡೆ ಏನು ಮಾಡಿದರು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮೂರು ವರ್ಷ ಹಿಂದಕ್ಕೂ ಹೋಗಿ. 2007ರ ಡಿಸೆಂಬರಿನಲ್ಲಿ ಗಡಾಫಿಗೆ ಪ್ಯಾರಿಸ್ಸಿನಲ್ಲಿ ಡೇರೆ ಹಾಕಲು ಜಾಗ ಕೊಟ್ಟು ಸತ್ಕರಿಸಿದ್ದು, ಈಗ ಬಾಂಬ್ ಹಾಕಿಸಿದ ಇದೇ ಫ್ರಾನ್ಸಿನ ಆಗಿನ ಅಧ್ಯಕ್ಷ ಸರ್ಕೋಜಿ. ಅಬು ಸಲೀಂ ಹತ್ಯೆಗೆ ಆಗಲೇ ಹನ್ನೊಂದು ವರ್ಷವಾಗಿತ್ತು.

ಮುಂದೆ, ಕೊಟ್ಟ ಅನುಮತಿಯನ್ನೂ ಮಾಡಿದ ಕೆಲಸವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ನಿರ್ಣಯದಲ್ಲಿ ಇದ್ದದ್ದು ನಾಗರಿಕರ ರಕ್ಷಣೆ; ಗಡಾಫಿಯನ್ನು ಇಳಿಸುವ ಮಾತಿರಲಿಲ್ಲ. ಭಾರತವೂ ಸೇರಿ ಐದು ದೇಶಗಳು ಮತ ಹಾಕದೆ ಉಳಿದವು. ಅಕ್ಟೋಬರ್ 20ರಂದು ಸಿರ್ತೆ ನಗರ ಬಿಟ್ಟು ಓಡುತ್ತಿದ್ದ ಗಡಾಫಿಯ ವಾಹನಸಾಲಿನ ಮೇಲೆ ಪಾಶ್ಚಾತ್ಯ ದೇಶಗಳ ಸೇನಾಕೂಟವಾದ ನ್ಯಾಟೋದ ವಿಮಾನಗಳೇ ದಾಳಿ ಮಾಡಿದವು. ರಕ್ಷಣೆ ಎಲ್ಲಿ ಮುಗಿದು ಆಡಳಿತ ಬದಲಿಸುವುದು ಎಲ್ಲಿ ಶುರುವಾಯಿತು? ಬ್ರಿಟನ್ ಸಂಸತ್ತಿನ ಸಮಿತಿಯೇ 2016ರಲ್ಲಿ ತನ್ನ ಸರ್ಕಾರವನ್ನು ಈ ವಿಷಯದಲ್ಲಿ ಟೀಕಿಸಿತು.

ಗೆದ್ದ ಮೇಲೆ ಯಾರು ಉಳಿದರು ಎಂದೂ ಕೇಳಿ. ನ್ಯಾಟೋ ಅಕ್ಟೋಬರ್ 31ಕ್ಕೆ ಕಾರ್ಯಾಚರಣೆ ಮುಗಿಸಿತು. 2014ರ ಹೊತ್ತಿಗೆ ಲಿಬಿಯಾದಲ್ಲಿ ಎರಡು ಸರ್ಕಾರ, ಒಂದು ಅಂತರ್ಯುದ್ಧ.

ಬೆಂಬಲಿಸಿದವರನ್ನು ಮಾತ್ರ ಪರೀಕ್ಷಿಸಿ ವಿರೋಧಿಸಿದವರನ್ನು ಬಿಡಬೇಡಿ. ಲಿಬಿಯಾದಲ್ಲಿ ಆದದ್ದನ್ನು ಖಂಡಿಸಿದ ರಷ್ಯಾ ಸಿರಿಯಾದ ಆಗಿನ ಅಧ್ಯಕ್ಷ ಅಸಾದರಿಗೆ ಶಸ್ತ್ರ ಕೊಡುತ್ತಲೇ ಇತ್ತು.

ನಮ್ಮನ್ನೂ ಬಿಡಬೇಡಿ. 1971ರಲ್ಲಿ ಬಾಂಗ್ಲಾದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದ ಮುಕ್ತಿವಾಹಿನಿಗೆ ತರಬೇತಿ, ಶಸ್ತ್ರ ಕೊಟ್ಟವರು ನಾವು. ಒಂದು ಕೋಟಿಯಷ್ಟು ನಿರಾಶ್ರಿತರು ನಮ್ಮ ನೆಲಕ್ಕೆ ಬಂದಿದ್ದರು, ನಿಜ. ಪಾಕಿಸ್ತಾನ ಎರಡಾದರೆ ನಮಗೆ ಲಾಭವಿತ್ತು, ಅದೂ ನಿಜ. ಎರಡನ್ನೂ ಬರೆದುಕೊಂಡು ಮೇಲಿನ ಪ್ರಶ್ನೆಗಳನ್ನೇ ಕೇಳಿ ನೋಡಿದ್ದೇನೆ. ‘ಗೆದ್ದ ಮೇಲೆ ಯಾವಾಗ ವಾಪಸಾದರು?’ ಎನ್ನುವ ಕಡೆ ನನ್ನ ಪುಸ್ತಕದಲ್ಲಿ ಇರುವುದು ನಮ್ಮ ಸೇನೆ ಬಾಂಗ್ಲಾದೇಶ ಬಿಟ್ಟ 1972ರ ಮಾರ್ಚ್.