480 ಅಡಿಗೆ ಸಿಗದ ನೀರು 40 ಅಡಿಗೆ ಸಿಕ್ಕಿತು

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ನಮ್ಮ ಹೊಲ. ಮೂರು ಬೋರು ಹೊಡೆಸಿದೆ, ಮೂರೂ ಫೇಲ್. ಕೊನೆಯದು 480 ಅಡಿ, ಬರೀ ಧೂಳು. ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಹೆಂಡತಿಯ ಬಳೆ ಅಡವಿಟ್ಟು ತಂದ ದುಡ್ಡು ಅದು.

ಒಂದು ಬೇಸಿಗೆ ನಮ್ಮ ಕಡೆಯ ಕಾಲಕಾಲೇಶ್ವರ ದೇವಸ್ಥಾನಕ್ಕೆ ಹೋದಾಗ ಅಲ್ಲಿ ಕಲ್ಲಿನಿಂದ ಬರುವ ಒರತೆ, ಅಂತರಗಂಗೆಯ ಮುಂದೆ ಸುಮ್ನೆ ಕುಳಿತಿದ್ದೆ. ವರ್ಷಪೂರ್ತಿ ಹರಿಯುತ್ತದೆ ಅಲ್ವಾ, ಪಂಪಿಲ್ಲ, ಕರೆಂಟಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಸೀಳು, ಪದರುಗಳಲ್ಲಿ ಇಳಿಯುತ್ತದೆ, ಕೆಳಗೆ ನೀರು ಇಳಿಯದ ಬಿಗಿ ಕಲ್ಲು ತಾಗಿದರೆ ಅಡ್ಡ ಹರಿಯುತ್ತದೆ. ನಾನು ಆ ತಳವನ್ನೇ ಕೊರೆದು ಇನ್ನೂ ಕೆಳಗೆ ಹೋಗಿದ್ದೆ. ಮೇಲಿನ ಪದರಿನ ನೀರನ್ನು ಬೋರು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಹಾಕಿ ನಾನೇ ಮುಚ್ಚಿದ್ದೆ.

ಅಜ್ಜನ ಹಾಳುಬಾವಿಗೆ ಇಳಿದೆ. ಸುಮಾರು 38 ಅಡಿಯಲ್ಲಿ ಗೇಣಗಲದ ಕೆಂಪು ಜೇಡಿಯ ಪಟ್ಟಿ. ಅದರ ಮೇಲಂಚಿಗೆ ಕೈ ಇಟ್ಟರೆ ತಂಪು, ಬೆರಳಿಗೆ ಪಸೆ. ಅಲ್ಲಿಂದ ಗುಡ್ಡದ ಕಡೆಗೆ ಅಡ್ಡ ಬೋರು ಹಾಕಿಸುತ್ತೇನೆ ಅಂದಾಗ ಊರವರೆಲ್ಲ ಬೇಡ ಅಂದರು. ಮೊದಲನೆಯದು ಕೆಳಗೆ ವಾಲಿ ಬಿಗಿ ಕಲ್ಲಿಗೆ ಹೋಯಿತು, ಎರಡನೆಯದು ಕುಸಿಯಿತು. 30 ಸಾವಿರ ಮತ್ತೆ ಹೋಯಿತು. ಮೂರನೆಯದು 70 ಅಡಿ ದಾಟಿದಾಗ ಹೆಬ್ಬೆರಳು ದಪ್ಪ ನೀರು ಬಂತು! ಓರೆ ಎಷ್ಟಿಟ್ಟೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದಕ್ಕೆ ಜಾಸ್ತಿ ದುಡ್ಡು ಕಳೆದಿದ್ದೇನೆ.

ಈಗ ರಾತ್ರಿ ಕಳೆಯುವುದರಲ್ಲಿ ಬಾವಿಯಲ್ಲಿ ಎಂಟು ಅಡಿ ನೀರು. 3 ಎಚ್‌ಪಿ ಮೋಟರು ಮೂರು ತಾಸು ಓಡುತ್ತದೆ, ಎರಡು ಎಕರೆ ಉಳ್ಳಾಗಡ್ಡಿಗೆ ಸಾಕು.

ನಡುವೆ ಇನ್ನೊಂದು ಮಾಡಿ ನೋಡಿದೆ. ಬಾವಿಯ ಬೇರೆ ಬೇರೆ ಪದರಿನ ಕಲ್ಲು ಒಣಗಿಸಿ ತೂಗಿದೆ, ಎರಡು ರಾತ್ರಿ ನೀರಲ್ಲಿಟ್ಟು ಮತ್ತೆ ತೂಗಿದೆ. ಒರಟು ಕಣದ್ದು ಐದು ಕೆಜಿಗೆ 200 ಗ್ರಾಂ ಏರಿತು, ನುಣುಪಾದದ್ದು ಏರಲೇ ಇಲ್ಲ. ಆ ನುಣುಪು ಕಲ್ಲಿಗೆ ಪದರಿನ ಗುಂಟ ಉಳಿ ಹಾಕಿದರೆ ನೀಟಾಗಿ ಚಪ್ಪಡಿ ಏಳುತ್ತದೆ. ದನದ ಕೊಟ್ಟಿಗೆಗೆ ಅದನ್ನೇ ಹಾಸಿದೆ.

ರಾಜಸ್ಥಾನದ ಬಾಡಮೇರಿನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ಎಣ್ಣೆ ನಿಕ್ಷೇಪವೂ ಮರಳುಗಲ್ಲಿನಲ್ಲೇ ಇದೆ. ಎಣ್ಣೆ ನೀರಿಗಿಂತ ಹಗುರ, ಮೇಲೇರುತ್ತದೆ, ಅದಕ್ಕೆ ಎಣ್ಣೆ ಹುಡುಕುವವರು ಅದನ್ನು ಮೇಲೆ ತಡೆಯುವ ಬಿಗಿ ಕಲ್ಲಿನ ಮುಚ್ಚಳ ಹುಡುಕುತ್ತಾರೆ. ನಮಗೆ ಬೇಕಾದದ್ದು ಬಿಗಿ ತಳ.

ಕಪ್ಪತಗುಡ್ಡದ ಕಡೆಯವರು ಮಾತ್ರ ಇದನ್ನು ಹೀಗೇ ಮಾಡಲು ಹೋಗಬೇಡಿ. ಅಲ್ಲಿನ ಕಲ್ಲು ಬೇರೆ, ಪದರು ಮಲಗಿಲ್ಲ, ಬಹಳ ಕಡೆ ನೆಟ್ಟಗೆ ನಿಂತಿದೆ.