ಆನ್‌ಲೈನ್ ವ್ಯಾಪಾರಕ್ಕೆ ಯಾವ ವಿಳಾಸ ಕೊಡಬೇಕು?

ಚಿಕ್ಕಮಗಳೂರಿನಲ್ಲಿ ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಕಾಫಿಪುಡಿ, ಕಾಳುಮೆಣಸು, ಜೇನು, ಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಬಂದು ಕುಳಿತ ತಕ್ಷಣ ಕೇಳುವುದು ಇದನ್ನೇ: "ಮೇಡಂ, ನೋಂದಣಿ ಬೆಂಗಳೂರಿನಲ್ಲಿ ಮಾಡಿಸಲೇ, ಇಲ್ಲೇ ಮಾಡಿಸಲೇ?" ನಾನು ತಿರುಗಿ ಕೇಳುತ್ತೇನೆ: ಸರಕು ಎಲ್ಲಿ ಪ್ಯಾಕ್ ಆಗುತ್ತದೆ? ಅಧಿಕಾರಿ ಬಂದರೆ ಬಾಗಿಲು ತೆರೆಯುವವರು ಯಾರು? ಇವೆರಡಕ್ಕೂ ಉತ್ತರ ಸಿಗುವ ಜಾಗವೇ ನಿಮ್ಮ ವಿಳಾಸ.

ಬೆಂಗಳೂರಿನ ವಿಳಾಸ ಹಾಕಿದರೆ ತೆರಿಗೆ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಜಿಎಸ್‌ಟಿ ನೋಂದಣಿ ರಾಜ್ಯವಾರು. ಹದಿನೈದು ಅಂಕೆ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ. ಕೋರಮಂಗಲವಾದರೂ 29, ಕೊಪ್ಪವಾದರೂ 29. ತಿಂಗಳ ಬಾಡಿಗೆಗೆ ಹೆಸರಿಗಷ್ಟೇ ಸಿಗುವ ಬೆಂಗಳೂರಿನ ಕಚೇರಿ ವಿಳಾಸವನ್ನು ತೆಗೆದುಕೊಂಡರೂ ಸರಕು ಇಡುವ ಇಲ್ಲಿನ ಕೋಣೆಯನ್ನು ಹೆಚ್ಚುವರಿ ವ್ಯಾಪಾರ ಸ್ಥಳವೆಂದು ಸೇರಿಸಲೇಬೇಕು. ಘೋಷಿಸಿದ ಸ್ಥಳದಲ್ಲಿ ವ್ಯಾಪಾರವೇ ನಡೆಯುತ್ತಿಲ್ಲ ಎಂದು ಕಂಡುಬಂದರೆ ನೋಂದಣಿ ರದ್ದಾಗಲೂಬಹುದು. ಬಾಡಿಗೆಯೂ ದಂಡ, ಕೆಲಸವೂ ಎರಡು ಪಟ್ಟು.

ಜಿಎಸ್‌ಟಿ ನಿಮಗೆ ಬೇಕೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಸರಕನ್ನಷ್ಟೇ ಕರ್ನಾಟಕದೊಳಗೇ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಿದರೂ, ಗಿರಾಕಿಗಳು ರಾಜ್ಯದೊಳಗಿನವರೇ ಆಗಿದ್ದರೆ, 2023ರ ಅಕ್ಟೋಬರ್ 1ರಿಂದ ಈ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದರೆ ಸಾಕು. ಆದರೆ ಚೆನ್ನೈಗೆ ಅರ್ಧ ಕಿಲೋ ಕಾಫಿಪುಡಿ ಕಳುಹಿಸುವುದಾದರೂ ನೋಂದಣಿ ಬೇಕು. ಅಂತರರಾಜ್ಯ ಮಾರಾಟಕ್ಕೆ ಈ ಮಿತಿ ಅನ್ವಯಿಸುವುದಿಲ್ಲ, ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ಸಣ್ಣ ಪ್ರಮಾಣದ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿಯೂ ಒದಗುವುದಿಲ್ಲ. ಯೋಗ ತರಗತಿ, ವಿನ್ಯಾಸ, ಪಾಠದಂತಹ ಸೇವೆ ಕೊಡುವವರ ಲೆಕ್ಕ ಬೇರೆ: ಗಿರಾಕಿ ಹೊರರಾಜ್ಯದವರಾದರೂ 20 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಅಗತ್ಯವಿಲ್ಲದವರು ಅವಸರ ಮಾಡಬೇಡಿ. ಒಮ್ಮೆ ನೋಂದಾಯಿಸಿದರೆ ವ್ಯಾಪಾರವೇ ಇಲ್ಲದ ಅವಧಿಗೂ ರಿಟರ್ನ್ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ.

ಇನ್ನು ನಮ್ಮ ಮಲೆನಾಡಿನ ನಿಜವಾದ ತೊಡಕು ಎಂದರೆ ಕಾಗದಪತ್ರ. ಆಲ್ದೂರು ಕಡೆಯ ಹುಡುಗಿಯೊಬ್ಬಳು ತಂದ ಫೈಲನ್ನು ಮೇಜಿನ ಮೇಲೆ ಹರಡಿದೆವು. ಮೆಸ್ಕಾಂ ಬಿಲ್ಲಿನಲ್ಲಿ ತಾತನ ಹೆಸರು; ತಾತ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಂಚಾಯಿತಿಯ ಮನೆ ಕಂದಾಯದ ರಸೀದಿಯಲ್ಲಿ ಅಪ್ಪನ ಹೆಸರು; ಅವರೂ ಇಲ್ಲ. ಆಕೆಯ ಆಧಾರ್‌ನಲ್ಲಿ ಹಾಸ್ಟೆಲ್ ವಿಳಾಸ. ಹುರಿಯುವ ಯಂತ್ರ ಬಂದು ಹಿತ್ತಲಿನಲ್ಲಿ ಕುಳಿತಿದೆ, ಆದರೆ ಆ ಮನೆ ಕಾಗದದ ಮೇಲೆ ಬದುಕಿರುವ ಯಾರ ಹೆಸರಿನಲ್ಲೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಯಾರು? ಮೊದಲು ಪಂಚಾಯಿತಿಯಲ್ಲಿ ಖಾತೆಯನ್ನು ತಾಯಿಯ ಹೆಸರಿಗೆ ಬದಲಾಯಿಸಿ ಇ-ಸ್ವತ್ತು ಮಾಡಿಸಿಕೊಳ್ಳಿ ಎಂದು ಕಳುಹಿಸಿದೆ. ಆಮೇಲೆ ತಾಯಿಯ ಹೆಸರಿನ ಕಂದಾಯ ರಸೀದಿ, ಮಗಳು ಇಲ್ಲಿ ವ್ಯಾಪಾರ ನಡೆಸಲು ತನ್ನ ಒಪ್ಪಿಗೆಯಿದೆ ಎಂಬ ಪತ್ರ, ತಾಯಿಯ ಗುರುತಿನ ಚೀಟಿ, ಇಷ್ಟರಲ್ಲೇ ಅರ್ಜಿ ಮುಗಿಯಿತು. ಮೆಸ್ಕಾಂ ಬಿಲ್ಲನ್ನು ಮುಟ್ಟಲೇ ಇಲ್ಲ.

ಅದು ಹೇಗೆ ಸಾಧ್ಯ ಎಂದರೆ, 2025ರ ಏಪ್ರಿಲ್ 17ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಅಧಿಕಾರಿಗಳಿಗೆ ಸ್ಪಷ್ಟ ಸೂಚನೆ ಕೊಟ್ಟಿದೆ. ಸ್ವಂತ ಜಾಗವಾದರೆ ಕಂದಾಯ ರಸೀದಿ, ಖಾತೆ ನಕಲು, ವಿದ್ಯುತ್ ಬಿಲ್ಲುಗಳಂತಹ ದಾಖಲೆಗಳಲ್ಲಿ ಯಾವುದಾದರೂ ಒಂದು ಸಾಕು. ಬಾಡಿಗೆಯಾದರೆ ಕರಾರು ಪತ್ರದ ಜೊತೆಗೆ ಮಾಲೀಕರ ಅಂತಹದೇ ಒಂದು ದಾಖಲೆ. ಬಂಧುಗಳ ಜಾಗವಾದರೆ ಬಿಳಿ ಹಾಳೆಯ ಮೇಲಿನ ಒಪ್ಪಿಗೆ ಪತ್ರವೂ ನಡೆಯುತ್ತದೆ. ಇದಕ್ಕಿಂತ ಹೆಚ್ಚು ಕೇಳಿದರೆ ಆ ಸೂಚನೆಯನ್ನು ವಿನಯದಿಂದ ತೋರಿಸಿ. ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೂ ಇಲ್ಲ. ಸರ್ಕಾರದ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳಲ್ಲಿ ಹಣ ಕಟ್ಟಿ ಬಂದವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ತೋಟದ ಮನೆಯೋ ಪೇಟೆಯ ಕೋಣೆಯೋ ಎಂದು ತೂಗುವಾಗ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ಥಳ ಪರಿಶೀಲನೆ ಎಂದಾದರೆ ಅಧಿಕಾರಿ ಬಂದು ಫೋಟೊ ತೆಗೆದು ಪೋರ್ಟಲ್‌ಗೆ ಸೇರಿಸುತ್ತಾರೆ. ಜುಲೈಯಲ್ಲಿ ಮರ ಬಿದ್ದು ದಾರಿ ಮುಚ್ಚುವ ಎಸ್ಟೇಟಿಗೆ ಅವರು ಬರುವುದು ಕಷ್ಟ, ಕೊರಿಯರ್‌ನವರು ಬರುವುದು ಇನ್ನೂ ಕಷ್ಟ. ಹುರಿದು ಪುಡಿ ಮಾಡುವುದು ತೋಟದಲ್ಲಿ, ಪೊಟ್ಟಣ ಕಟ್ಟಿ ಕಳುಹಿಸುವುದು ಪೇಟೆಯಲ್ಲಿ ಎಂದಾದರೆ ಪೇಟೆಯದನ್ನು ಮುಖ್ಯ ಸ್ಥಳವಾಗಿಯೂ ತೋಟವನ್ನು ಹೆಚ್ಚುವರಿ ಸ್ಥಳವಾಗಿಯೂ ತೋರಿಸಿ. ಎರಡೂ ಕಡೆ ನೋಂದಣಿ ಪ್ರಮಾಣಪತ್ರ ಕಾಣುವಂತೆ ತೂಗುಹಾಕಬೇಕು, ಬಾಗಿಲ ಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಬರೆಸಬೇಕು. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯನ್ನು ಆಯಾ ಜಾಗಕ್ಕೆ ಬೇರೆಬೇರೆಯಾಗಿಯೇ ಮಾಡಿಸಬೇಕು.

ಹೆಣ್ಣುಮಕ್ಕಳಿಗೆ, ಅದರಲ್ಲೂ ಒಂಟಿಯಾಗಿರುವವರಿಗೆ, ನಾನು ಮರೆಯದೆ ಹೇಳುವ ಮಾತೊಂದಿದೆ. ನೀವು ಕೊಡುವ ವಿಳಾಸ ಗುಟ್ಟಾಗಿ ಉಳಿಯುವುದಿಲ್ಲ. ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದ ಯಾರಿಗಾದರೂ ವ್ಯಾಪಾರ ಸ್ಥಳ ಕಾಣುತ್ತದೆ. ತಯಾರಕರ ಅಥವಾ ಪ್ಯಾಕ್ ಮಾಡಿದವರ ಪೂರ್ಣ ವಿಳಾಸ ಪೊಟ್ಟಣದ ಮೇಲಿರಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ಮಲಗುವ ಕೋಣೆಯ ಪಕ್ಕದಲ್ಲೇ ಪ್ಯಾಕ್ ಮಾಡುತ್ತಿದ್ದು ಮನೆಯ ವಿಳಾಸ ಹೊರಬೀಳುವುದು ಬೇಡವೆನಿಸಿದರೆ, ಪ್ಯಾಕಿಂಗ್ ಕೆಲಸವನ್ನೇ ಸಣ್ಣದೊಂದು ಬಾಡಿಗೆ ಕೋಣೆಗೆ ಸಾಗಿಸಿ ಅಲ್ಲಿಯೇ ನೋಂದಾಯಿಸಿ. ಸುರಕ್ಷತೆಗೆ ಕೊಡುವ ಬಾಡಿಗೆ ದುಂದುವೆಚ್ಚವಲ್ಲ.

ಸಾಲ ಬೇಕಿದ್ದರೆ ನೋಂದಣಿಗೆ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಸಾಲದ ಜೊತೆ ಕೇಂದ್ರ ಸರ್ಕಾರ ಕೊಡುವ ಪಿಎಂಇಜಿಪಿ ಸಹಾಯಧನ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದಲ್ಲಿ ನಗರದಲ್ಲಿ ಶೇ. 15, ಪಂಚಾಯಿತಿ ವ್ಯಾಪ್ತಿಯಲ್ಲಿ ಶೇ. 25; ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ. 25 ಮತ್ತು ಶೇ. 35. ನಗರಸಭೆಯ ಗಡಿಯಿಂದ ಆಚೆ ಇರುವ ಮನೆಗೆ ಇದು ದೊಡ್ಡ ಅನುಕೂಲ. ಆದರೆ ಈ ಸಹಾಯಧನ ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ನೋಂದಾಯಿಸಿ ವ್ಯಾಪಾರ ಶುರು ಮಾಡಿದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಆನ್‌ಲೈನ್ ಮಾರುಕಟ್ಟೆಯವರು ತಮ್ಮ ಗೋದಾಮಿನಲ್ಲಿ ಸರಕು ಇಡಿ ಎಂದು ಒತ್ತಾಯಿಸಿದರೆ ಅದು ಯಾವ ರಾಜ್ಯದಲ್ಲಿದೆ ಎಂದು ಮೊದಲು ಕೇಳಿ. ಕರ್ನಾಟಕದೊಳಗಾದರೆ ಹೆಚ್ಚುವರಿ ಸ್ಥಳವಾಗಿ ಸೇರಿಸಿದರಾಯಿತು. ತೆಲಂಗಾಣದಲ್ಲೋ ಮಹಾರಾಷ್ಟ್ರದಲ್ಲೋ ಇಟ್ಟರೆ ಅಲ್ಲಿ ಪ್ರತ್ಯೇಕ ಜಿಎಸ್‌ಟಿ, ಪ್ರತ್ಯೇಕ ರಿಟರ್ನ್. ಶುರುವಿನಲ್ಲೇ ಇದು ಬೇಡ.

ಕಂಪನಿ ಮಾಡಬೇಕೆನ್ನುವವರಿಗೂ ಬೆಂಗಳೂರಿನ ವಿಳಾಸ ಬೇಕಿಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹೋಗುತ್ತದೆ, ನೋಂದಾಯಿತ ಕಚೇರಿ ಮೂಡಿಗೆರೆಯಲ್ಲೂ ಇರಬಹುದು. ಒಬ್ಬರೇ ನಡೆಸುವ ಸಣ್ಣ ವ್ಯಾಪಾರಕ್ಕೆ ಏಕಮಾಲೀಕತ್ವ ಸಾಕು ಎಂಬುದು ನನ್ನ ಅಭಿಪ್ರಾಯ. ಕಂಪನಿಯಾದರೆ ವಾರ್ಷಿಕ ದಾಖಲೆ ತಡವಾದಾಗ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತಲೇ ಹೋಗುತ್ತದೆ.

ಸಾಫ್ಟ್‌ವೇರ್ ಮಾರುವ ಹುಡುಗರು ಈಚೆಗೆ ಕಂಪನಿಯನ್ನು ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಾಯಿಸುತ್ತೇವೆ ಎನ್ನುತ್ತಾ ಬರುತ್ತಾರೆ. ಅಲ್ಲಿ ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಯ ಕಂಪನಿಗೆ ವರ್ಷಕ್ಕೆ 300 ಡಾಲರ್ ಕಟ್ಟಬೇಕು. ವಿದೇಶಿಯರೊಬ್ಬರೇ ಒಡೆಯರಾಗಿರುವ ಎಲ್‌ಎಲ್‌ಸಿ ಅಲ್ಲಿನ ತೆರಿಗೆ ಇಲಾಖೆಗೆ 5472 ಎಂಬ ನಮೂನೆ ಸಲ್ಲಿಸಬೇಕು. ತಪ್ಪಿದರೆ ದಂಡ 25,000 ಡಾಲರ್. ಇಲ್ಲಿಯೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಬೇಕು, ವಿದೇಶಿ ವಿನಿಮಯದ ಫೆಮಾ ನಿಯಮಗಳನ್ನೂ ಪಾಲಿಸಬೇಕು. ಎಸ್ಟೋನಿಯಾ ದೇಶ ವಿದೇಶಿಯರಿಗೆ ಕೊಡುವ ಡಿಜಿಟಲ್ ಗುರುತಾದ ಇ-ರೆಸಿಡೆನ್ಸಿ ಪಡೆದರೂ ತೆರಿಗೆಯ ಲೆಕ್ಕದಲ್ಲಿ ನೀವು ಯಾವ ದೇಶದ ನಿವಾಸಿ ಎಂಬುದು ಬದಲಾಗುವುದಿಲ್ಲ. ಕುಳಿತು ಕೆಲಸ ಮಾಡುವುದು ಚಿಕ್ಕಮಗಳೂರಿನಲ್ಲಾದರೆ ಇಲ್ಲಿಂದಲೇ ಸೇವೆ ರಫ್ತು ಮಾಡಿ; ಜಿಎಸ್‌ಟಿ ಇದ್ದವರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು.

ಮುಂದೆ ಜಾಗ ಬದಲಾದರೆ 15 ದಿನಗಳೊಳಗೆ ಜಿಎಸ್‌ಟಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ. ಉದ್ಯಮ್, ಬ್ಯಾಂಕ್, ಎಫ್‌ಎಸ್‌ಎಸ್‌ಎಐ ಎಲ್ಲದರಲ್ಲೂ ವಿಳಾಸ ಅಕ್ಷರ ಬಿಡದೆ ಒಂದೇ ರೀತಿ ಇರಲಿ. ಪೊಟ್ಟಣಗಳನ್ನು ಮುದ್ರಣಕ್ಕೆ ಕೊಡುವುದು ಈ ಸಂಖ್ಯೆಗಳೆಲ್ಲ ಕೈಗೆ ಬಂದ ಮೇಲೆ. ಮೊದಲ ಸಲ ಸಾವಿರಗಟ್ಟಲೆ ಬೇಡ, ಕೆಲವು ನೂರು ಸಾಕು.